ಬಲೆಗೆ ಬಿದ್ದ ಹೆಡ್‌ಮಾಸ್ತರು

ನಮ್ಮ ಭಾವನ ಕೆಲಸ ಮೀನಿನ ಕೊಳಗಳಿಂದ ಹಕ್ಕಿ ಓಡಿಸುವುದು. ಅವರ ಮನೆಯ ಬಾಗಿಲಿಗೆ ನೇತುಹಾಕಿದ್ದ ಬೋರ್ಡಿನ ಮೇಲೆ ಬರೆದಿದ್ದು ‘ಪಕ್ಷಿ ಸಂರಕ್ಷಣಾಧಿಕಾರಿ’ ಎಂದು. ಈ ಎರಡರ ನಡುವಿನ ಅಂತರ ಎಷ್ಟೆಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳುವಂಥವರು ಕಾರಿನಲ್ಲಿ ಬಂದು ಇಳಿಯುವವರೆಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು.

ತಪ್ಪೆಲ್ಲ ಭಾವನದೇ ಎನ್ನಲಾರೆ. ಬೋರ್ಡು ಬರೆದ ಪೇಂಟರಿಗೂ ಅದರಲ್ಲಿ ಪಾಲಿದೆ. ‘ಹಕ್ಕಿ ಓಡಿಸುವವರು’ ಎಂದು ಬರೆದುಕೊಡು ಅಂದಾಗ ಅವನು ಬ್ರಶ್ಶನ್ನು ಕೆಳಗಿಟ್ಟನಂತೆ.

“ಅಣ್ಣ, ಇಷ್ಟು ಒಳ್ಳೆ ಹಲಗೆ ಮೇಲೆ ಅದನ್ನ ಬರೆಯೋಕೆ ನಂಗೆ ಮನಸ್ಸು ಬರಲ್ಲ. ಕೊನೇಲಿ ಅಧಿಕಾರಿ ಅಂತ ಇದ್ರೆ ಹಲಗೆ ತುಂಬಿ ಕಾಣುತ್ತೆ.”

“ಹಾಗಾದ್ರೆ ಹಕ್ಕಿ ಓಡಿಸುವ ಅಧಿಕಾರಿ ಅಂತ ಬರಿ.”

“ಓಡಿಸೋದಕ್ಕೆ ಯಾರಾದ್ರೂ ಅಧಿಕಾರಿ ಇಡ್ತಾರಾ? ರಕ್ಷಣೆ ಮಾಡೋದಕ್ಕೆ ಇಡ್ತಾರೆ.”

ಭಾವನಿಗೆ ಇದು ನ್ಯಾಯವಾದ ಮಾತು ಎನಿಸಿತು. ಜೀವಮಾನವಿಡೀ ಅವರು ಒಂದು ಶಾಲೆಯಲ್ಲಿ ಗಂಟೆ ಹೊಡೆದವರು. ಶಾಲೆಗೆ ಕರೆಂಟಿನ ಗಂಟೆ ಬಂದ ದಿನ ಭಾವನನ್ನೂ, ಊಟದ ತಟ್ಟೆಯಷ್ಟಗಲದ ಹಳೆಯ ಕಂಚಿನ ಗಂಟೆಯನ್ನೂ ಒಟ್ಟಿಗೇ ಮನೆಗೆ ಕಳಿಸಿಕೊಟ್ಟಿದ್ದರು. ಅಂಥವರ ಬಾಗಿಲಿಗೆ ಅಧಿಕಾರ ತಾನಾಗಿ ಬಂದು ನೇತಾಡುತ್ತೇನೆ ಎಂದರೆ ಬೇಡ ಎನ್ನುವುದುಂಟೆ? ನನ್ನ ಅಕ್ಕ ಮಾತ್ರ ಹೊಸ್ತಿಲಲ್ಲಿ ನಿಂತು ಬೋರ್ಡನ್ನು ಮೇಲಿಂದ ಕೆಳಕ್ಕೆ ನೋಡಿ, “ಮನೆಗಿಂತ ಇದೇ ದೊಡ್ಡದಾಯ್ತು. ಇನ್ಮೇಲೆ ಇದರೊಳಗೇ ಸಂಸಾರ ಮಾಡೋಣ,” ಎಂದಳು.

ಬೀದಿಯವರು ಬೋರ್ಡನ್ನು ನಂಬಿದರು. ಟೈಲರನ ಹೆಂಡತಿ ಕುಂಟುವ ಪಾರಿವಾಳವೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಭಾವ ಅದಕ್ಕೆ ನೀರು ಕುಡಿಸಿ ಗಂಭೀರವಾಗಿ ನೋಡುತ್ತ ಕುಳಿತರು. ಪಾರಿವಾಳಕ್ಕೆ ಆ ನೋಟ ಸಹಿಸಲಾಗಲಿಲ್ಲವೋ ಏನೋ, ಸಂಜೆಯ ಹೊತ್ತಿಗೆ ಗುಣವಾಗಿ ಹಾರಿಹೋಯಿತು. ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನು, ಕಿಟಕಿಯಲ್ಲಿಟ್ಟಿದ್ದ ತಮ್ಮ ಕಟ್ಟಿಸಿದ ಹಲ್ಲುಗಳನ್ನು ಕಾಗೆ ಎತ್ತಿಕೊಂಡು ಹೋಯಿತೆಂದು ದೂರು ತಂದರು.

“ಕಾಗೆ ನಿಮ್ಮ ಇಲಾಖೆಗೇ ಬರುತ್ತೆ ತಾನೆ?”

“ಬರುತ್ತೆ,” ಎಂದರು ಭಾವ. “ವಿಚಾರಣೆ ಮಾಡಿಸ್ತೀನಿ.”

ಅಂದಿನಿಂದ ಪೋಸ್ಟ್‌ಮ್ಯಾನು ದಿನಾ ಬೆಳಿಗ್ಗೆ ವಿಚಾರಣೆ ಎಲ್ಲಿಗೆ ಬಂತು ಎಂದು ಬೊಚ್ಚುಬಾಯಲ್ಲಿ ಕೇಳತೊಡಗಿದರು.

ಇನ್ನು ಕೊಳದ ವಿಷಯ. ಆ ಮೀನು ಸಾಕಣೆಯಲ್ಲಿ ನಾನು ತೂಕದ ಮನೆ ನೋಡಿಕೊಳ್ಳುವವನು. ಭಾವನಿಗೆ ಅಲ್ಲಿ ಕೆಲಸ ಕೊಡಿಸಿದ್ದೂ ನಾನೇ. ಮುಂದೆ ಎರಡು ಕೊಳ, ಹಿಂದೆ ಒಂದು ದೊಡ್ಡ ಕೊಳ, ಅದರಾಚೆ ತೂಕಕ್ಕೆ ಬಾರದ ಸಣ್ಣಪುಟ್ಟ ಮೀನುಗಳನ್ನು ಸುರಿಯುವ ಒಂದು ಕೆಸರು ಗುಂಡಿ. ನಮ್ಮಲ್ಲಿ ಮೇವು ಹಾಕುವುದಕ್ಕೆ ಒಂದು ಕ್ರಮವಿದೆ. ಮೇವು ಹಾಕುವವನನ್ನು ನಾವು ಮೇವಣ್ಣ ಎನ್ನುತ್ತೇವೆ. ಅವನು ಮೊದಲು ಕಂಬಕ್ಕೆ ಕಟ್ಟಿದ ಕಬ್ಬಿಣದ ತುಂಡನ್ನು ಬಡಿಯುತ್ತಾನೆ. ಸದ್ದು ಕೇಳಿದ್ದೇ ತಡ, ಮೀನುಗಳು ಊಟ ಬಂತೆಂದು ಮೇಲೆದ್ದು, ನೀರು ಕುದಿಯುವ ಎಸರಿನಂತೆ ಆಗುತ್ತದೆ. ಆಮೇಲೆ ಮೇವು ಎರಚುತ್ತಾನೆ. ಮೀನಿಗೆ ಚಿಕ್ಕಂದಿನಿಂದ ಕಲಿಸಿದ ಪಾಠ ಅದು.

ಇಂಥ ಕಡೆ ನಮ್ಮ ಭಾವ ಹಕ್ಕಿ ಓಡಿಸಲು ತಮ್ಮ ಕಂಚಿನ ಗಂಟೆಯನ್ನು ತಂದು ಬಾರಿಸಿದರು.

ಮೊದಲ ದಿನ ಹಕ್ಕಿಗಳು ಹೆದರಿ ಎದ್ದವು. ಆದರೆ ಕಬ್ಬಿಣಕ್ಕೂ ಕಂಚಿಗೂ ಮೀನುಗಳು ಭೇದ ಎಣಿಸಲಿಲ್ಲ. ಎಲ್ಲವೂ ಮೇಲೆ ಬಂದು ಬಾಯಿ ತೆರೆದವು. ಆಕಾಶದಲ್ಲಿದ್ದ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಈ ಔತಣವನ್ನು ಕಂಡವು. ವಾರ ಕಳೆಯುವುದರೊಳಗೆ ಭಾವ ಗಂಟೆ ಬಾರಿಸಿದರೆ ಸಾಕು, ಹೊಳೆಯ ಆಚೆದಡದ ಹಕ್ಕಿಗಳೂ ಬಂದು ಸೇರುತ್ತಿದ್ದವು.

“ನೋಡು,” ಎಂದರು ಭಾವ ಬೆವರು ಒರೆಸಿಕೊಳ್ಳುತ್ತ. “ಇಷ್ಟು ಹೊಡೆದ್ರೂ ಇಷ್ಟು ಬರ್ತಾ ಇವೆ. ಹೊಡೀದೇ ಇದ್ದಿದ್ರೆ ಗತಿ ಏನು?”

ಮೇವಣ್ಣ ತಡೆಯಲಾರದೆ, “ಮಾರಾಯ, ನೀನು ಓಡಿಸ್ತಾ ಇಲ್ಲ, ಕರೀತಾ ಇದೀಯ,” ಎಂದ.

“ಏನು ಮಾತು ಅಂತ ಆಡ್ತೀಯ. ಶಾಲೇಲಿ ನಾನು ಗಂಟೆ ಹೊಡೆದ್ರೆ ಮಕ್ಕಳು ಎದ್ದು ಓಡ್ತಾ ಇದ್ರು.”

“ಅದು ಸಂಜೆ ಗಂಟೆಗೆ. ಬೆಳಗಿನ ಗಂಟೆಗೆ ಒಳಗೆ ಬರ್ತಾ ಇರ್ಲಿಲ್ವಾ?”

ಭಾವ ಈ ಪ್ರಶ್ನೆಯನ್ನು ಉತ್ತರಕ್ಕೆ ಯೋಗ್ಯವಲ್ಲವೆಂದು ತಳ್ಳಿಹಾಕಿದರು.

ಬಂದ ಹಕ್ಕಿಗಳಲ್ಲಿ ಒಂದು ಬೂದು ಕೊಕ್ಕರೆಯಿತ್ತು. ಕತ್ತನ್ನು ಒಳಗೆಳೆದುಕೊಂಡು, ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಂಡು, ಒಂದೇ ಕಣ್ಣಿನಿಂದ ಎಲ್ಲರನ್ನೂ ಅಳೆಯುತ್ತ ದಂಡೆಯ ಮೇಲೆ ನಿಲ್ಲುತ್ತಿತ್ತು. ಅದನ್ನು ಕಂಡಾಗಲೆಲ್ಲ ಭಾವ ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. “ಥೇಟ್ ನಮ್ಮ ಹೆಡ್‌ಮಾಸ್ತರು. ವರಾಂಡದಲ್ಲಿ ಹೀಗೇ ನಿಲ್ತಾ ಇದ್ರು,” ಎನ್ನುವರು. ಮಿಕ್ಕ ಹಕ್ಕಿಗಳಿಗೆಲ್ಲ ‘ಹೋಗ್, ಹೋಗ್’ ಎಂದು ಗದರುವ ಭಾವ ಅದಕ್ಕೆ ಮಾತ್ರ ‘ಸರ್, ಸ್ವಲ್ಪ ಆ ಕಡೆ’ ಎನ್ನುತ್ತಿದ್ದರು. ಹೆಡ್‌ಮಾಸ್ತರು ಆ ಕಡೆಗೂ ಹೋಗುತ್ತಿರಲಿಲ್ಲ, ಈ ಕಡೆಗೂ ಬರುತ್ತಿರಲಿಲ್ಲ. ಆದರೂ ಯಾವ ದಿನವಾದರೂ ಅವರು ತಡವಾಗಿ ಬಂದರೆ ಭಾವನಿಗೆ ಚಡಪಡಿಕೆ ಶುರುವಾಗುತ್ತಿತ್ತು.

ಮೀನು ಕಡಿಮೆಯಾದದ್ದು ಸಾಕಣೆಯ ಯಜಮಾನರ ಕಣ್ಣಿಗೆ ಬಿತ್ತು. ನಮ್ಮ ಯಜಮಾನರಿಗೆ ಸಿಟ್ಟು ಏರಿದಷ್ಟೂ ದನಿ ಇಳಿಯುತ್ತದೆ. ಅಂದು ಅವರ ಮಾತು ಕೇಳಿಸಿಕೊಳ್ಳಲು ನಾವು ಮುಂದಕ್ಕೆ ಬಗ್ಗಬೇಕಾಯಿತು. “ಹಕ್ಕಿ ಓಡಿಸೋಕೆ ಜನ ಇಟ್ಟ ಮೇಲೆ ಹಕ್ಕಿ ಜಾಸ್ತಿ ಆಗಿವೆ,” ಎಂದರು. ಮರುದಿನವೇ ಮೂರೂ ಕೊಳಗಳ ಮೇಲೆ ಬಲೆ ಹಾಸಿಸಿದರು. ಕೂದಲೆಳೆಯಂಥ ನೈಲಾನ್ ಬಲೆ. ದಂಡೆಯಲ್ಲಿ ನಿಂತ ನಮಗೇ ಕಾಣುತ್ತಿರಲಿಲ್ಲ, ಮೇಲಿಂದ ಇಳಿಯುವ ಹಕ್ಕಿಗೆ ಎಲ್ಲಿ ಕಾಣಬೇಕು.

ಭಾವನಿಗೆ ಗಾಬರಿಯಾಯಿತು. ಹಕ್ಕಿಗಳು ಬಲೆಯ ಹತ್ತಿರ ಸುಳಿಯದಿರಲಿ ಎಂದು ಎಂದಿಗಿಂತ ಜೋರಾಗಿ ಗಂಟೆ ಬಾರಿಸಿದರು. ಒಂದು ಎಳೆಯ ನೀರುಕಾಗೆ ನೇರವಾಗಿ ಬಂದು ಧುಮುಕಿತು. ನಾವು ಬಿಡಿಸುವಷ್ಟರಲ್ಲಿ ಬಲೆ ಕತ್ತಿಗೆ ಸುತ್ತಿಕೊಂಡು ಅದು ನೀರಿನಲ್ಲೇ ಸತ್ತಿತ್ತು. ಭಾವ ಆ ಒದ್ದೆ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಅಂದು ಅವರು ಬುತ್ತಿ ಬಿಚ್ಚಲಿಲ್ಲ.

ಭಾವನನ್ನು ಕೆಲಸದಿಂದ ತೆಗೆದುಹಾಕಲೆಂದೇ ಯಜಮಾನರು ಆ ಸಂಜೆ ಅವರ ಮನೆಗೆ ಬಂದರು. ಬಾಗಿಲಲ್ಲಿ ಬೋರ್ಡು ಕಂಡಿತು. ನಿಂತು ಓದಿದರು. ಇನ್ನೊಮ್ಮೆ ಓದಿದರು. ಭಾವ ಒಳಗಿನಿಂದ ಇಣುಕಿ ನೋಡಿ ಅಕ್ಕನ ಬೆನ್ನ ಹಿಂದೆ ಸರಿದರು. ಆದರೆ ಯಜಮಾನರು ನಮಗೆಲ್ಲ ಕೇಳಿಸುವಂತೆ ಮಾತಾಡಿದರು. ಅದು ಒಳ್ಳೆಯ ಲಕ್ಷಣ.

ವಿಷಯ ಇಷ್ಟು. ಒಬ್ಬ ದೊಡ್ಡ ವ್ಯಾಪಾರಿ ನಮ್ಮ ಮೀನನ್ನೆಲ್ಲ ಕೊಳ್ಳಲು ಮುಂದೆ ಬಂದಿದ್ದ. ಆದರೆ ಕಾಡುಹಕ್ಕಿಗಳಿಗೆ ಹಾನಿ ಮಾಡದೆ ಸಾಕಿದ ಮೀನನ್ನು ಮಾತ್ರ ಅವನು ಮುಟ್ಟುವುದಂತೆ. ಅದನ್ನು ಪರೀಕ್ಷಿಸಲು ಒಬ್ಬರು ತಪಾಸಣೆಯ ಅಮ್ಮ ಬರುವವರಿದ್ದರು.

“ಹಕ್ಕಿ ಕಾಯೋಕೆ ಅಂತಲೇ ನಾವು ಒಬ್ಬ ಅಧಿಕಾರಿ ಇಟ್ಟಿದೀವಿ ಅಂತ ಹೇಳ್ಬಿಡ್ತೀನಿ,” ಎಂದರು ಯಜಮಾನರು. “ಒಂದೇ ಒಂದು ದಿನ ಈ ಬೋರ್ಡಿನ ಹಾಗೆ ಇದ್ಬಿಡಿ. ಆಕೆ ಕಣ್ಣೆದುರು ಒಂದು ಹಕ್ಕಿ ಬಲೆಗೆ ಬಿತ್ತೋ, ನನ್ನ ವ್ಯಾಪಾರಾನೂ ಹೋಯ್ತು, ನಿಮ್ಮ ಕೆಲಸಾನೂ ಹೋಯ್ತು.”

“ಬಲೆ ತೆಗೆದುಬಿಟ್ರೆ ಬೀಳೋದೇ ಇಲ್ವಲ್ಲ,” ಎಂದರು ಭಾವ.

ಯಜಮಾನರ ದನಿ ಸರ್ರನೆ ಇಳಿಯಿತು. ಏನೆಂದರೋ ಯಾರಿಗೂ ಕೇಳಿಸಲಿಲ್ಲ, ಆದರೆ ಎಲ್ಲರಿಗೂ ಅರ್ಥವಾಯಿತು.

ತಪಾಸಣೆಯ ದಿನ ಬೆಳಿಗ್ಗೆ ಮುಂದಿನ ಎರಡು ಕೊಳಗಳ ಬಲೆ ತೆಗೆಸಿದರು. ಹಿಂದಿನ ಕೊಳದ್ದು ಹಾಗೇ ಉಳಿಯಿತು. ಮಾರಾಟಕ್ಕೆ ಬಂದ ದೊಡ್ಡ ಮೀನುಗಳೆಲ್ಲ ಅಲ್ಲಿದ್ದವು. ಅದನ್ನು ಒಂದು ಹೊತ್ತು ತೆರೆದಿಡಲೂ ಯಜಮಾನರಿಗೆ ಮನಸ್ಸು ಬರಲಿಲ್ಲ. ಅಲ್ಲಿಗೆ ಹೋಗುವ ದಾರಿಗೆ ಮೇವಿನ ಮೂಟೆಗಳನ್ನು ಅಡ್ಡ ಪೇರಿಸಿದರು. ಭಾವನ ತಲೆಗೆ ಯಜಮಾನರ ಹಳೆಯ ಹ್ಯಾಟು, ಕೊರಳಿಗೆ ದುರ್ಬೀನು ಬಂತು. ಆ ಅಮ್ಮನನ್ನು ಮೂಟೆಗಳ ಈಚೆಗೇ ಉಳಿಸಿಕೊಳ್ಳುವುದು ಅವರ ಜವಾಬ್ದಾರಿ. ಭಾವ ದುರ್ಬೀನನ್ನು ತಿರುಗಾಮುರುಗಾ ಹಿಡಿದು ನೋಡಿ, “ಎಲ್ಲ ಹಕ್ಕಿಗಳೂ ತುಂಬಾ ದೂರ ಇವೆ. ಭಯ ಇಲ್ಲ,” ಎಂದು ನನಗೆ ಧೈರ್ಯ ಹೇಳಿದರು. ಅವರ ಎಡಗಡೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಹೆಡ್‌ಮಾಸ್ತರು ನಿಂತಿದ್ದರು.

ಕಾರು ಬಂತು. ಮೊದಲು ಇಳಿದವರು ನಮ್ಮ ಪೋಸ್ಟ್‌ಮ್ಯಾನು. ಅಮ್ಮ ಬೋರ್ಡು ಹುಡುಕಿಕೊಂಡು ಮೊದಲು ಭಾವನ ಮನೆಗೆ ಹೋಗಿದ್ದರಂತೆ. ದಾರಿ ತೋರಿಸುತ್ತೇನೆಂದು ಇವರು ಹತ್ತಿ ಕುಳಿತುಬಿಟ್ಟಿದ್ದರು.

“ನನ್ನ ಹಲ್ಲಿನ ವಿಚಾರ ಮೇಲಿನವರ ಕಿವಿಗೆ ಹಾಕಿದೀನಿ,” ಎಂದರು ಭಾವನ ಕಡೆ ವಿಜಯದ ನಗೆ ಬೀರುತ್ತ.

ಅಮ್ಮ ಮೊಳಕಾಲುದ್ದದ ರಬ್ಬರ್ ಬೂಟು ಹಾಕಿದ್ದರು. ಅವರು ಎಲ್ಲದಕ್ಕೂ ‘ಸರಿ’ ಎನ್ನುತ್ತಿದ್ದರು, ಏನು ಸರಿ ಎಂದು ಹೇಳುತ್ತಿರಲಿಲ್ಲ. ಮೊದಲ ಕೊಳ ನೋಡಿ ಸರಿ ಎಂದರು. ಭಾವನ ಹ್ಯಾಟನ್ನು ನೋಡಿಯೂ ಸರಿ ಎಂದರು. ಯಜಮಾನರ ಹಣೆಯಲ್ಲಿ ಬೆವರು ಸಾಲುಗಟ್ಟಿತು.

“ನೀವೇ ಅಧಿಕಾರಿಗಳಾ? ನಿಮ್ಮ ಮನೆಯವರು ಹೇಳಿದ್ರು, ನೀವು ಸೊಳ್ಳೇನೂ ಹೊಡೆಯಲ್ಲ ಅಂತ.”

ಅಕ್ಕ ಅದನ್ನು ಬೇರೆ ಅರ್ಥದಲ್ಲಿ ಹೇಳಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಭಾವ ತಲೆ ತಗ್ಗಿಸಿ, “ನಂಗೆ ಅದು ಕೈಲಾಗಲ್ಲಮ್ಮ,” ಎಂದರು.

“ಸರಿ. ಇಲ್ಲಿ ಯಾವತ್ತಾದ್ರೂ ಹಕ್ಕಿ ಸತ್ತಿದ್ಯಾ?”

ಭಾವನ ಬಾಯಿ ತೆರೆದುಕೊಂಡಿತು. ಯಜಮಾನರು ಕೆಮ್ಮಿದರು. ಪೋಸ್ಟ್‌ಮ್ಯಾನು, “ಕಾಗೆ ಅಂತೂ ಸತ್ತಿಲ್ಲ, ಇವತ್ತು ಬೆಳಿಗ್ಗೆ ಕೂಡ ನೋಡಿದೆ,” ಎಂದು ಸಾಕ್ಷಿ ನುಡಿದರು. ನಾನು ತೂಕದ ಮನೆಯ ಬಾಗಿಲಲ್ಲಿ ಸಣ್ಣ ಮೀನಿನ ಬುಟ್ಟಿ ಹಿಡಿದು ನಿಂತಿದ್ದೆ.

“ಸರಿ,” ಎಂದರು ಅಮ್ಮ. “ಮೇವು ಹಾಕೋದನ್ನ ನೋಡ್ಬೇಕು. ಹಕ್ಕಿಗಳು ಆಗ ತಾನೆ ಬರೋದು?”

ಯಜಮಾನರು ಮೂಟೆಗಳ ಕಡೆ ನೋಡಿದರು. ಮೇವಣ್ಣ ಕಬ್ಬಿಣ ಬಡಿದರೆ ಹಿಂದಿನ ಕೊಳದ ಮೀನುಗಳೂ ಬಲೆಯ ಕೆಳಗೆ ಏಳುತ್ತವೆ. ಮುಂದಿನ ಕೊಳಗಳ ಸುತ್ತ ಇಷ್ಟೊಂದು ಜನ. ಹಕ್ಕಿಗಳು ಹೋಗುವುದಾದರೂ ಎಲ್ಲಿಗೆ?

“ಇವತ್ತು ಮೀನಿಗೆ ಹಸಿವಿಲ್ಲ,” ಎಂದರು ಯಜಮಾನರು.

“ಯಾರು ಹೇಳಿದ್ದು?” ಎಂದ ಮೇವಣ್ಣ. ಮೀನಿನ ಹೊಟ್ಟೆಯ ವಿಷಯದಲ್ಲಿ ಅವನು ಯಾರ ಮುಲಾಜಿಗೂ ಬೀಳುವವನಲ್ಲ. “ಹೊತ್ತು ಮೀರ್ತಾ ಇದೆ.” ಹೇಳಿದವನೇ ಹೋಗಿ ಕಬ್ಬಿಣ ಬಡಿದುಬಿಟ್ಟ.

ನೀರು ಕುದಿಯಿತು. ಹೊಳೆಯ ಕಡೆಯಿಂದ ಹಕ್ಕಿಗಳು ಹಿಂಡುಹಿಂಡಾಗಿ ಎದ್ದವು. ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಜನರನ್ನು ಕಂಡು ಬೆದರಿ, ಮೂಟೆಗಳಾಚೆಯ ಕೊಳದತ್ತ ವಾಲಿದವು. ಹೆಡ್‌ಮಾಸ್ತರು ಕತ್ತು ನೀಡಿ ನಿಧಾನವಾಗಿ ರೆಕ್ಕೆ ಬಿಚ್ಚಿದರು.

ಭಾವ ಗಂಟೆಯನ್ನು ಎತ್ತಿಕೊಂಡು ಮೂಟೆಗಳ ಮೇಲೆ ಹತ್ತಿ ಆಚೆಗೆ ಉರುಳಿದರು. ಹ್ಯಾಟು ಈಚೆಗೇ ಬಿತ್ತು. ಬಲೆ ಹಾಸಿದ ಕೊಳದ ದಂಡೆಯಲ್ಲಿ ನಿಂತು ಹಕ್ಕಿಗಳನ್ನು ಓಡಿಸಲೆಂದು ಪ್ರಾಣ ಒತ್ತೆಯಿಟ್ಟು ಬಾರಿಸತೊಡಗಿದರು. ಮೀನುಗಳು ಇನ್ನೂ ಮೇಲೆ ಬಂದವು. ಹಕ್ಕಿಗಳು ಇನ್ನೂ ಕೆಳಗಿಳಿದವು.

“ಹೊಡೀಬೇಡ್ವೋ,” ಎಂದು ಮೇವಣ್ಣ ಕೂಗಿದ. “ಬೆಳಗಿನ ಗಂಟೆ ಅದು, ಬೆಳಗಿನ ಗಂಟೆ.”

ಭಾವನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಮೇಲೆ ನೋಡಿದರು, ಕೆಳಗೆ ನೋಡಿದರು. ಮೊನ್ನೆ ಸತ್ತ ನೀರುಕಾಗೆ ಯಾರ ಕರೆಗೆ ಬಂದದ್ದು ಎಂದು ಅವರಿಗೆ ಆಗ ತಿಳಿಯಿತು. ಅವರ ಮುಖ ನೋಡಲಾರದೆ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಮರುಗಳಿಗೆಯಲ್ಲಿ ಮತ್ತೆ ಗಂಟೆ ಕೇಳಿಸಿತು. ನೋಡಿದರೆ ಭಾವ ಓಡುತ್ತಿದ್ದಾರೆ. ಗಂಟೆ ಬಾರಿಸುತ್ತ, ಎಡವುತ್ತ, ಒಂದು ಚಪ್ಪಲಿ ಕಳೆದುಕೊಂಡು, ಕೆಸರು ಗುಂಡಿಯ ಕಡೆಗೆ. ನಾನೂ ಬುಟ್ಟಿ ಹೊತ್ತು ಹಿಂದೆ ಓಡಿ ಗುಂಡಿಗೆ ಮೀನು ಸುರಿದೆ. ಬೆಳ್ಳಕ್ಕಿ, ನೀರುಕಾಗೆಗಳ ಇಡೀ ಹಿಂಡು ಶಾಲೆಯ ಮಕ್ಕಳಂತೆ ಭಾವನ ಬೆನ್ನು ಹಿಡಿದು ಬಂದಿತು. ಬಲೆಯ ಮೇಲೆ ಒಂದು ಹಕ್ಕಿಯೂ ಇಳಿಯಲಿಲ್ಲ.

ಹೆಡ್‌ಮಾಸ್ತರು ಮಾತ್ರ ಇಳಿದರು. ಗಂಟೆ ಇರುವುದು ಮಕ್ಕಳಿಗೆ, ಹೆಡ್‌ಮಾಸ್ತರಿಗಲ್ಲ. ಬಲೆಯ ಮೇಲೆ ಕಾಲಿಟ್ಟರು, ಕಾಲು ಸಿಕ್ಕಿತು, ರೆಕ್ಕೆ ಬಡಿದರು, ರೆಕ್ಕೆಯೂ ಸಿಕ್ಕಿತು.

ಭಾವ ಗಂಟೆಯನ್ನು ನನ್ನ ಕೈಗೆ ತುರುಕಿ ಹಿಂದಕ್ಕೆ ಓಡಿ ಕೊಳಕ್ಕೆ ಇಳಿದರು. ಅವರಿಗೆ ಈಜು ಬರುವುದಿಲ್ಲ. ಎದೆಯವರೆಗೆ ನೀರು ಬಂತು, ಗದ್ದದವರೆಗೆ ಬಂತು. ಕೊಕ್ಕರೆಯ ಕೊಕ್ಕು ಅವರ ಕಣ್ಣಿನ ಹತ್ತಿರ ಎರಡು ಸಲ ಬಂದು ಹೋಯಿತು. ಅಷ್ಟು ಹೊತ್ತಿಗೆ ತಪಾಸಣೆಯ ಅಮ್ಮ ಮೂಟೆ ದಾಟಿ ದಂಡೆಗೆ ಬಂದಾಗಿತ್ತು. ಅವರ ಹಿಂದೆ ಯಜಮಾನರು, ಯಜಮಾನರ ಹಿಂದೆ ಪೋಸ್ಟ್‌ಮ್ಯಾನು. ನೀರಿನ ಮಧ್ಯದಿಂದ ಭಾವನ ನಡುಗುವ ದನಿಯೊಂದೇ ಕೇಳುತ್ತಿತ್ತು.

“ಅಲುಗಾಡಬೇಡಿ ಸರ್. ಆಯ್ತು ಸರ್. ಕಾಲು ಸ್ವಲ್ಪ ಕೊಡಿ ಸರ್.”

ಕೈಗೆ ಸಿಗದ ಎಳೆಗಳನ್ನು ಹಲ್ಲಿನಿಂದ ಕಚ್ಚಿ ಹರಿದರು. ಕೊನೆಯ ಎಳೆ ಬಿಟ್ಟಾಗ ಹೆಡ್‌ಮಾಸ್ತರು ಭಾವನ ತಲೆಯ ಮೇಲೆ ಕಾಲೂರಿ, ಒಮ್ಮೆ ಜೋಲಿ ಹೊಡೆದು, ಹಾರಿ ಹೋದರು. ಒಂದು ಕಾಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆದರೆ ಹಾರಿದರು.

ಅಮ್ಮ ಬಾಗಿ ಬಲೆಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡು ನೋಡಿದರು.

“ಪಕ್ಷಿ ಸಂರಕ್ಷಣಾಧಿಕಾರಿಗಳು ಅಂದ್ರೆ ನೀವೇನಾ?”

ಭಾವ ನೀರಿನಲ್ಲಿ ನಿಂತೇ ಯಜಮಾನರನ್ನು ನೋಡಿದರು. ಯಜಮಾನರು ಕಣ್ಣಲ್ಲೇ ಹೌದೆನ್ನಿ ಎಂದರು.

“ಇಲ್ಲಮ್ಮ. ನಾನು ಹಕ್ಕಿ ಓಡಿಸೋನು. ಅದೂ ಸರಿಯಾಗಿ ಬರಲ್ಲ. ಬೋರ್ಡು ಸುಳ್ಳು. ಮೊನ್ನೆ ಒಂದು ಮರಿ ನೀರುಕಾಗೆ ಇದೇ ಬಲೇಲಿ ಸತ್ತೋಯ್ತು. ನನ್ನ ಗಂಟೆಗೇ ಬಂದಿತ್ತು.”

ಅಮ್ಮ ಸರಿ ಎನ್ನಲಿಲ್ಲ. “ಈ ಬಲೆ ಇವತ್ತೇ ತೆಗೀಬೇಕು,” ಎಂದರು ಯಜಮಾನರಿಗೆ. “ಹಾಕೋದಾದ್ರೆ ಹಕ್ಕಿ ಕಣ್ಣಿಗೆ ಕಾಣೋ ಹಾಗೆ ದಪ್ಪ ಹಗ್ಗದ್ದು, ಬಿಗಿಯಾಗಿ ಎತ್ತರಕ್ಕೆ ಕಟ್ಟಬೇಕು. ಈ ಸಲ ನಿಮಗೆ ಒಪ್ಪಿಗೆ ಇಲ್ಲ. ಮತ್ತೆ ಬಂದು ನೋಡ್ತೀನಿ.”

ಯಜಮಾನರು ಏನೋ ಹೇಳಿದರು.

“ಸ್ವಲ್ಪ ಜೋರಾಗಿ ಹೇಳಿ,” ಎಂದರು ಅಮ್ಮ.

ಕಾರು ಹೋದ ಮೇಲೆ ಯಜಮಾನರು ಭಾವನ ಹತ್ತಿರ ಬಂದು ಇನ್ನೂ ಮೆಲ್ಲಗೆ ಏನೋ ಹೇಳಿದರು. ಅವರ ಪಕ್ಕದಲ್ಲೇ ಇದ್ದ ನನಗೆ ಕೇಳಿಸಿತು, ‘ನಾಳೆಯಿಂದ ಬರಬೇಡಿ’ ಎಂದು. ಭಾವನ ಎರಡು ಕಿವಿಯಲ್ಲೂ ಕೊಳದ ನೀರು ತುಂಬಿತ್ತು. “ಆಗಲಿ ಯಜಮಾನ್ರೇ,” ಎಂದು ಕೈಮುಗಿದು ಮನೆಗೆ ಹೋದವರು, ಮರುದಿನ ಬೆಳಿಗ್ಗೆ ಎಂದಿನ ಹಾಗೆ ಗಂಟೆ ಹಿಡಿದುಕೊಂಡು ಬಂದರು. ಹೇಳುವ ಧೈರ್ಯ ನನಗಿರಲಿಲ್ಲ. ಅವರು ನೇರವಾಗಿ ಕೆಸರು ಗುಂಡಿಗೆ ಹೋಗಿ ಬಾರಿಸಿದರು. ನಾನು ಬುಟ್ಟಿ ಸುರಿದೆ. ಹಕ್ಕಿಗಳೆಲ್ಲ ಅಲ್ಲಿಗೆ ಹೋದವು. ಯಜಮಾನರು ಭಾವನನ್ನು ವಾಪಸು ಕಳಿಸಲೆಂದು ಬಂದವರು, ಬಲೆಯಿಲ್ಲದ ಮೂರು ಕೊಳಗಳ ಮೇಲೆ ಒಂದು ರೆಕ್ಕೆಯೂ ಸುಳಿಯದಿರುವುದನ್ನು ನೋಡಿದರು. ಬಹಳ ಹೊತ್ತು ನಿಂತು ನೋಡಿದರು. ನಿನ್ನೆ ಹೇಳಿದ್ದನ್ನು ಅವರು ಎರಡನೆಯ ಸಲ ಹೇಳಲಿಲ್ಲ.

ಅಮ್ಮ ಮತ್ತೆ ಬಂದಾಗ ಹಗ್ಗದ ಬಲೆಯನ್ನೂ ಗುಂಡಿಯನ್ನೂ ನೋಡಿ ಸರಿ ಎಂದರು. ಅದು ನಿಜವಾಗಿಯೂ ಸರಿ ಎಂದೇ ಆಗಿತ್ತು. ಪೋಸ್ಟ್‌ಮ್ಯಾನಿನ ಹಲ್ಲು ಅವರದೇ ಕೋಟಿನ ಜೇಬಿನಲ್ಲಿ ಸಿಕ್ಕಿತು. ಆದರೂ ಕಾಗೆಯ ಮೇಲಿನ ದೂರನ್ನು ಅವರು ಹಿಂತೆಗೆದುಕೊಂಡಿಲ್ಲ. ಬೋರ್ಡನ್ನು ಭಾವ ತಾವೇ ಇಳಿಸಿದರು. ಅಕ್ಕ ಅದನ್ನು ಅಡುಗೆಮನೆಯಲ್ಲಿ ಪಾತ್ರೆ ಇಡಲು ಗೋಡೆಗೆ ಹೊಡೆಸಿದ್ದಾಳೆ. ಹಲಗೆ ನಿಜಕ್ಕೂ ಒಳ್ಳೆಯದು.

ಹೆಡ್‌ಮಾಸ್ತರು ಹಲವು ದಿನ ಬರಲಿಲ್ಲ. ಆ ದಿನಗಳಲ್ಲಿ ಭಾವ ಗಂಟೆ ಹೊಡೆಯುತ್ತಲೇ ಹೊಳೆಯ ಕಡೆ ನೋಡುತ್ತಿದ್ದರು. ಒಂದು ಬೆಳಿಗ್ಗೆ ಗುಂಡಿಯ ದಂಡೆಯಲ್ಲಿ, ಒಂದು ಕಾಲನ್ನು ಸ್ವಲ್ಪ ಎಳೆಯುತ್ತ, ಗಂಟೆ ಹೊಡೆಯುವ ಮೊದಲೇ ಹೆಡ್‌ಮಾಸ್ತರು ಬಂದು ನಿಂತಿದ್ದರು. ಭಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕಣ್ಣು ಒರೆಸಿಕೊಂಡದ್ದು ಬೆವರಿಗೆ ಎಂದು ನನಗೆ ಹೇಳಿದರು.

ಈಗ ಸಂಜೆ ಕೆಲಸ ಮುಗಿದು ನಾವೆಲ್ಲ ಹೊರಟರೂ ಭಾವ ಹೊರಡುವುದಿಲ್ಲ. ಊಟ ಆರಿಹೋಗುತ್ತದೆ ಎಂದು ಅಕ್ಕ ನನ್ನ ಮೇಲೆ ರೇಗುತ್ತಾಳೆ. ನಾನೇನು ಮಾಡಲಿ? ಕರೆದರೆ ಅವರು ದಂಡೆಯ ಕಡೆ ಕಣ್ಣು ತೋರಿಸಿ ಮೆಲ್ಲಗೆ ಹೇಳುತ್ತಾರೆ:

“ಹೆಡ್‌ಮಾಸ್ತರು ಇನ್ನೂ ಹೋಗಿಲ್ಲ ಕಣೋ.”